ನಲವತ್ತು ನಿಮಿಷದ ಖಾಲಿ ಓಟ

"ನನ್ನ ಪ್ರೋಗ್ರಾಂ ಮೇಲೆ ನಿಮಗೆ ಸ್ವಲ್ಪನೂ ನಂಬಿಕೆ ಇಲ್ವಾ?"

ಮಹಡಿಯ ಗಾಜಿನ ಕೋಣೆಯಿಂದ ದಡದಡ ಇಳಿದು ಬಂದ ಅವಳಿಗೆ ಏದುಸಿರು. ಅದು ಅವಳು ಬರೆದ ಮೊದಲ ಪ್ರೋಗ್ರಾಂ. ಮೆಷಿನ್ನಿನ ಟೇಬಲ್ ಓರೆಯಾಗಿ, ತಿರುಗಿ, ಒಂದೇ ಹಿಡಿತದಲ್ಲಿ ಲೋಹದ ತುಂಡಿನ ಐದೂ ಮುಖಗಳನ್ನು ಕಡಿಸಬೇಕಿತ್ತು. ಆದರೆ ಟೇಬಲ್ ಮೇಲೆ ಹಿಡಿಯುವ ಕ್ಲಾಂಪು ಇತ್ತು, ತುಂಡೇ ಇರಲಿಲ್ಲ. ಟೂಲು ನಿಧಾನವಾಗಿ ಬರೀ ಗಾಳಿಯನ್ನು ಕಡಿಯುತ್ತಿತ್ತು.

ಮೆಷಿನ್ ನಡೆಸುವ ಸೆಟ್ಟರ್ ತಿರುಗಿಯೂ ನೋಡಲಿಲ್ಲ. ಬೆರಳು ಮೆಷಿನ್ ನಿಲ್ಲಿಸುವ ಕೆಂಪು ಗುಂಡಿಯ ಮೇಲೇ ಇತ್ತು.

"ಯಾರೇ ಬರೆದಿರ್ಲಿ ಮೇಡಂ, ಮೊದಲು ಒಂದ್ಸಲ ಖಾಲಿ ಓಡಿಸ್ತೀನಿ."

"ಎಷ್ಟು ಹೊತ್ತು?"

"ನಲವತ್ತು ನಿಮಿಷ."

ಎಲ್ಲರೂ ಅವನನ್ನು ನಿಧಾನಯ್ಯ ಎಂದು ಕರೆಯುವುದು ಸುಮ್ಮನೆ ಅಲ್ಲ ಎಂದು ಅವಳಿಗೆ ಅಂದೇ ಗೊತ್ತಾಯಿತು.

ಒಂಬತ್ತು ಪ್ರೋಗ್ರಾಂ, ಒಂಬತ್ತು ಖಾಲಿ ಓಟ. ಒಂದರಲ್ಲೂ ತಪ್ಪಿಲ್ಲ. ಆದರೂ ಅವನು ಬಿಡಲಿಲ್ಲ. ಅವಳು ಗಾಜಿನ ಹಿಂದೆ ನಿಂತು ತುಟಿ ಕಚ್ಚಿಕೊಳ್ಳುತ್ತಿದ್ದಳು. ಅದೇ ಮನುಷ್ಯ ಸಂಜೆ ಅವಳು ಗೇಟು ದಾಟುವವರೆಗೆ ಒರೆಸಿದ ಬೈಕನ್ನೇ ಮತ್ತೆ ಒರೆಸುತ್ತ ನಿಲ್ಲುತ್ತಿದ್ದ. ಅವಳಿಗದು ಕಾಣುತ್ತಿತ್ತು, ಇಷ್ಟವೂ ಆಗುತ್ತಿತ್ತು.

ಹತ್ತನೆಯ ಸಲ ಅವನು ಒಮ್ಮೆ ಮೇಲೆ ನೋಡಿದ. ನೇರವಾಗಿ ತುಂಡು ಕಟ್ಟಿ ಮೆಷಿನ್ ಶುರು ಮಾಡಿದ.

'ಕೊನೆಗೂ ನಂಬಿದರು...' ಅವಳಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ನಾಲ್ಕನೇ ಮುಖಕ್ಕೆ ಟೇಬಲ್ ತಿರುಗಿತು. ಧಡ್ ಎಂದಿತು. ಕೆಂಪು ಗುಂಡಿ ಒತ್ತುವಷ್ಟರಲ್ಲಿ ಟೂಲನ್ನು ತಿರುಗಿಸುವ ಸ್ಪಿಂಡಲ್ ಹಾಳಾಗಿತ್ತು.

ಅವಳು ಓಡಿ ಬಂದಳು. "ಏನಾಯ್ತು?"

"ಮೇಲೆ ಹೋಗಿ. ಇಲ್ಲಿ ನಿಮಗೇನೂ ಕೆಲಸ ಇಲ್ಲ."

ಆ ಮಾತು ಅವಳ ಎದೆಗೆ ನಾಟಿತು. ಫೋರ್‌ಮನ್ ಬಂದಾಗ ಅವನು ಹೇಳಿದ್ದು ಒಂದೇ ಮಾತು: "ತಪ್ಪು ನನ್ನದು ಸರ್." ಮರುದಿನವೇ ಅವನ ಕೆಲಸ ಹೋಯಿತು; ಶನಿವಾರವೇ ಕೊನೆಯ ದಿನ ಎಂದರು. ಅಂದು ಮಧ್ಯಾಹ್ನವೇ ಅವನು ಬೇರೆ ಊರಿನ ಬಸ್ಸು ಹತ್ತುತ್ತಾನೆ ಎಂಬ ಸುದ್ದಿಯೂ ಬಂತು.

ಶನಿವಾರ ಬೆಳಿಗ್ಗೆ ಅವಳು ಆ ಪ್ರೋಗ್ರಾಂ ತೆರೆದು ಕೂತಳು. ಸ್ಕ್ರೀನಿನಲ್ಲಿ ಟೇಬಲ್ ಇತ್ತು, ಟೂಲು ಇತ್ತು, ತುಂಡು ಇತ್ತು. ತುಂಡನ್ನು ಹಿಡಿದಿರುವ ಕ್ಲಾಂಪು ಇರಲಿಲ್ಲ. ಅವಳು ಅದನ್ನು ಹಾಕುವುದನ್ನೇ ಮರೆತಿದ್ದಳು. ಟೂಲು ತುಂಡಿಗಿಂತ ಮೇಲೆದ್ದಿತ್ತು, ಕ್ಲಾಂಪಿಗಿಂತ ಮೇಲೆದ್ದಿರಲಿಲ್ಲ. ಅವಳು ನೇರ ಫೋರ್‌ಮನ್ ಬಳಿಗೆ ಓಡಿದಳು.

ಫೋರ್‌ಮನ್ ಅವಳ ಸೋದರಮಾವ. ಈ ಕೆಲಸ ಕೊಡಿಸಿದ್ದೂ ಅವರೇ.

"ಮಾವ, ತಪ್ಪು ನನ್ನದು. ಯಜಮಾನರಿಗೆ ಹೇಳಿ."

ಮಾವ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಸೋಮವಾರದಿಂದ ಹೊಸಬ ಬರ್ತಾನೆ ಪುಟ್ಟಿ. ಹೇಳಿದ್ರೆ ನಿನ್ನ ಕೆಲಸಾನೂ ಹೋಗಬಹುದು. ಅವನಂತೂ ವಾಪಸ್ ಬರಲ್ಲ."

"ಆದ್ರೂ ಹೇಳಿ."

ಹೋಗಿ ಬಂದವರ ಮುಖ ಇಳಿದಿತ್ತು. "ಇನ್ನು ನಿನಗೆ ಪ್ರೋಗ್ರಾಂ ಕೊಡಲ್ಲವಂತೆ. ಬರೀ ಡ್ರಾಯಿಂಗ್. ಅವನ ವಿಷಯ ಎತ್ತೋದಕ್ಕೂ ಬಿಡಲಿಲ್ಲ. ನನ್ನ ಕೈಲಾಗಿದ್ದು ಇಷ್ಟೇ ಕಣಮ್ಮ."

ಕೆಳಗೆ, ಹೊಸ ಸ್ಪಿಂಡಲ್ ಹಾಕಿದ ಮೆಷಿನ್ನನ್ನು ಅವನು ಕೊನೆಯ ಸಲ ಒರೆಸುತ್ತಿದ್ದ. ಚೀಲ ಪಕ್ಕದಲ್ಲಿತ್ತು.

"ಯಾಕೆ ಸುಳ್ಳು ಹೇಳಿದ್ರಿ?"

"ಸುಳ್ಳಲ್ಲ ಮೇಡಂ. ಖಾಲಿ ಓಡಿಸಿದ್ರೆ ಗೊತ್ತಾಗ್ತಿತ್ತು. ಓಡಿಸಲಿಲ್ಲ."

"ಅವತ್ತೊಂದಿನ ಯಾಕೆ ಬಿಟ್ರಿ?"

ಅವನು ಒರೆಸುವ ಬಟ್ಟೆ ಮಡಚಿದ. ಬಿಚ್ಚಿದ. ಮತ್ತೆ ಮಡಚಿದ.

"ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಬಿಟ್ಟಿರಲಿಲ್ಲ. ನೀವು ಗಾಜಿನ ಹಿಂದೆ ತುಟಿ ಕಚ್ಚಿಕೊಂಡು ನಿಂತಿದ್ರಿ... ನೋಡೋಕಾಗಲಿಲ್ಲ."

ಅವಳ ಮುನಿಸಿಗಾಗಿ ಅವನು ತನ್ನ ಅನ್ನವನ್ನೇ ಕಳೆದುಕೊಂಡಿದ್ದ. ಅದನ್ನು ವಾಪಸ್ ಕೊಡಲು ಅವಳ ಕೈಯಲ್ಲಿ ಏನೂ ಇರಲಿಲ್ಲ.

"ಕ್ಲಾಂಪ್ ಹಾಕಿ ಸರಿ ಮಾಡಿದೀನಿ. ನಾನು ಬರೆಯೋ ಕೊನೇ ಪ್ರೋಗ್ರಾಂ. ಒಂದ್ಸಲ ಖಾಲಿ ಓಡಿಸ್ತೀರಾ?"

"ನಲವತ್ತು ನಿಮಿಷ ಆಗುತ್ತೆ."

"ಆಗ್ಲಿ."

ಟೇಬಲ್ ತಿರುಗಿತು. ನಾಲ್ಕನೇ ಮುಖ ಬಂದಾಗ ಅವಳು ಅವನ ತೋಳು ಹಿಡಿದುಕೊಂಡಳು. ಟೂಲು ಕ್ಲಾಂಪಿನ ಮೇಲಿಂದ ಸಲೀಸಾಗಿ ಸಾಗಿತು. ಅವಳು ಕೈ ಬಿಡಲಿಲ್ಲ.

"ನಿಮ್ಮನ್ನ ಬಿಟ್ಟಿರೋಕೆ ನನ್ನಿಂದಾಗಲ್ಲ," ಎಂದಳು. "ಈಗಲೇ ಒಪ್ಪಿಕೊಳ್ಬೇಡಿ. ಖಾಲಿ ಓಡಿಸಿ ನೋಡಿ. ಎಷ್ಟು ದಿನ ಆದ್ರೂ ಕಾಯ್ತೀನಿ."

ಅವನು ಗಡಿಯಾರ ನೋಡಿದ. ಬಸ್ಸು ಹೊರಟುಹೋಗಿತ್ತು.

"ಅದನ್ನ ಮೊದಲ ದಿನದಿಂದ ಓಡಿಸ್ತಾನೇ ಇದೀನಿ," ಎಂದ. "ಎಲ್ಲೂ ತಗುಲಲಿಲ್ಲ."