ಚಾಡಿಯಾಗದ ಮಾತು

"ಗೆಣಸು ಹಿಸುಕ್ತಿದೀಯೋ, ಯಾರದಾದ್ರೂ ಕತ್ತು ಹಿಸುಕ್ತಿದೀಯೋ?" ಅಜ್ಜಿ ಕೇಳಿದಳು.

ವರ್ನೆಲ್ ಇನ್ನೂ ಜೋರಾಗಿ ಹಿಸುಕಿದಳು. ಪಾತ್ರೆಯಲ್ಲಿದ್ದ ಗೆಣಸು ಆಗಲೇ ಬೆಣ್ಣೆಯಂತಾಗಿತ್ತು.

ಸಂಜೆ ಅವರ ಮನೆಯಲ್ಲಿ ಫೀಸ್ಟ್. ಸೌತ್ ಕೆರೊಲಿನಾದ ಆ ಪುಟ್ಟ ಊರಿನ ಬಹಾಯಿ ಧರ್ಮದವರೆಲ್ಲ ಹತ್ತೊಂಬತ್ತು ದಿನಕ್ಕೊಮ್ಮೆ ಒಬ್ಬರ ಮನೆಯಲ್ಲಿ ಸೇರುತ್ತಿದ್ದರು, ಕರಿಯರು, ಬಿಳಿಯರು, ಎಲ್ಲರೂ. ಮೊದಲು ಪ್ರಾರ್ಥನೆ, ಆಮೇಲೆ ಮಾತುಕತೆ, ಕೊನೆಗೆ ಊಟ. ಅಜ್ಜಿಯ ಗೆಣಸಿನ ಪೈ ತಿನ್ನದೆ ಯಾರೂ ಎದ್ದು ಹೋಗುತ್ತಿರಲಿಲ್ಲ.

"ಮಾರ್ಗಿಗೆ ದೊಡ್ಡ ತುಂಡು ಎತ್ತಿಡೋಣ," ಅಂದಳು ಅಜ್ಜಿ.

"ಅವಳು ಬರದಿದ್ರೂ ಪರವಾಗಿಲ್ಲ."

"ಅಯ್ಯೋ! ಮೊನ್ನೆವರೆಗೂ ಅಕ್ಕತಂಗಿ ಥರ ಅಂಟ್ಕೊಂಡಿದ್ರಿ. ಏನಾಯ್ತೇ?"

"ಹೇಳಲ್ಲ ಅಜ್ಜೀ. ಹೇಳಿದ್ರೆ ಚಾಡಿ ಆಗುತ್ತೆ."

ಅದೇ ಅವಳ ತಲೆಬಿಸಿ. ಬೆನ್ನ ಹಿಂದೆ ಒಬ್ಬರ ತಪ್ಪು ಆಡಿಕೊಳ್ಳುವುದು ದೊಡ್ಡ ಪಾಪ ಅಂತ ಭಾನುವಾರದ ಕ್ಲಾಸಿನಲ್ಲಿ ಕಲಿಸಿದ್ದರು. ಮನುಷ್ಯರೆಲ್ಲ ಒಂದೇ ಅಂತಲೂ ಅಲ್ಲೇ ಕಲಿಸಿದ್ದು. ಆ ಪಾಠವನ್ನು ಮಾರ್ಗಿ ಅವಳ ಪಕ್ಕದಲ್ಲೇ ಕೂತು ಕಲಿತಿದ್ದಳು.

ಹೋದ ವರ್ಷದಿಂದ ಊರಿನ ಕರಿಯ ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಒಂದೇ ಸ್ಕೂಲು; ಅದುವರೆಗೆ ಬೇರೆ ಬೇರೆ ಇದ್ದವು. ನಿನ್ನೆ ಕ್ಯಾಂಟೀನಿನಲ್ಲಿ ವರ್ನೆಲ್ ಟ್ರೇ ಹಿಡಿದು ಮಾರ್ಗಿಯ ಮೇಜಿಗೆ ಹೋದಳು. ಅಲ್ಲಿದ್ದವರೆಲ್ಲ ಮಾರ್ಗಿಯಂತೆ ಬಿಳಿ ಹುಡುಗಿಯರು; ಕರಿಯಳು ಇವಳೊಬ್ಬಳೇ.

"ಇವಳು ನಿನಗೆ ಗೊತ್ತಾ?" ಒಬ್ಬಳು ಕೇಳಿದಳು.

ಮಾರ್ಗಿ ತನ್ನ ತಟ್ಟೆಯನ್ನೇ ನೋಡುತ್ತಾ, "ಇಲ್ಲಪ್ಪ," ಅಂದಳು.

ವರ್ನೆಲ್ ಮೂಲೆಯ ಮೇಜಿಗೆ ಹೋಗಿ ಕೂತಳು. ತುತ್ತು ಗಂಟಲಿಗಿಂತ ಕೆಳಗೆ ಇಳಿಯಲಿಲ್ಲ.

ತಪ್ಪು ಮಾಡಿದ್ದು ಮಾರ್ಗಿ. ಹೇಳಿದರೆ ಪಾಪ ತನಗೆ. ಇದು ಯಾವ ಸೀಮೆಯ ನ್ಯಾಯ?

"ಹೆಸರು ಹಿಡಿದು ಆಡ್ಕೊಂಡ್ರೆ ಚಾಡಿ," ಅಜ್ಜಿ ಹಿಟ್ಟು ಲಟ್ಟಿಸುತ್ತಾ ಅಂದಳು. "ನೋವಾಗಿದೆ ಅನ್ನೋದು ಚಾಡಿ ಹೆಂಗಾಗುತ್ತೆ? ಫೀಸ್ಟಲ್ಲಿ ಮಾತುಕತೆ ಅಂತ ಇಟ್ಟಿರೋದು ಯಾಕೆ, ದೊಡ್ಡೋರು ಕುರ್ಚಿ ಎಲ್ಲಿಡೋದು ಅಂತ ಕಿತ್ತಾಡ್ಲಿ ಅಂತನಾ?"

ಸಂಜೆ ಮಾರ್ಗಿ ಬಂದಳು. ಏನೂ ಆಗದವಳಂತೆ ಪಕ್ಕದಲ್ಲಿ ಕೂತು ವರ್ನೆಲ್‌ಳ ಕೈ ಹಿಡಿದುಕೊಂಡಳು. ಇದು ಯಾವ ಮಾರ್ಗಿ? ನಿನ್ನೆಯವಳು ಯಾರು?

ಪ್ರಾರ್ಥನೆ ಮುಗಿಯಿತು. "ಮಕ್ಕಳೇನಾದ್ರೂ ಹೇಳ್ತೀರಾ?" ಸಭೆ ನಡೆಸುತ್ತಿದ್ದ ಲೂಷಿಯಸ್ ಮಾಮ ಎಂದಿನಂತೆ ಕೇಳಿದರು.

ವರ್ನೆಲ್ ಎದ್ದು ನಿಂತಳು. ಮಾರ್ಗಿ ಇನ್ನೂ ಕೈ ಹಿಡಿದೇ ಇದ್ದಳು.

"ನಾವೆಲ್ಲ ಒಂದೇ ಅನ್ನೋದು ಈ ಮನೆ ಒಳಗೆ ಮಾತ್ರನಾ? ಸ್ಕೂಲಲ್ಲೂ ಇರುತ್ತಾ?"

ಮಾರ್ಗಿಯ ಕೈ ಜಾರಿತು. ಅವಳ ಅಮ್ಮ ಹೆಲೆನ್ ಮೆಲ್ಲಗೆ, "ಚಿನ್ನಾ, ನಮಗೆ ಮೈಬಣ್ಣಾನೇ ಕಾಣ್ಸಲ್ಲ, ಗೊತ್ತಾ?" ಅಂದರು.

"ಕಾಣ್ಸಲಿ ಹೆಲೆನ್," ಅಂದಳು ಅಜ್ಜಿ. "ಈ ಬಣ್ಣ ಬಿಟ್ರೆ ನನ್ನಲ್ಲಿ ಕಾಣೋಕೆ ಉಳಿಯೋದು ಕನ್ನಡಕ ಒಂದೇ."

ಎಲ್ಲರೂ ನಕ್ಕರು. ಹೆಲೆನ್ ನಗಲಿಲ್ಲ. ಅವರ ಕಿವಿ ಕೆಂಪಾಗಿತ್ತು. ದೊಡ್ಡವರು ಆಮೇಲೂ ತುಂಬಾ ಹೊತ್ತು ಮಾತಾಡಿದರು. ವರ್ನೆಲ್‌ಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ.

ಊಟದ ಹೊತ್ತಿಗೆ ಮಾರ್ಗಿ ಅವಳನ್ನು ಹುಡುಕಿಕೊಂಡು ಅಡುಗೆಮನೆಗೆ ಬಂದಳು.

"ನನ್ನ ಹೆಸರು ಯಾಕೆ ಹೇಳ್ಲಿಲ್ಲ?"

"ಚಾಡಿ ಹೇಳಬಾರದಲ್ಲ."

"ನಿನ್ ಜೊತೆ ಕೂತ್ರೆ ಅವರು ನನ್ನ ಬಿಟ್ಬಿಡ್ತಾರೆ ಕಣೇ."

"ನೀನು ನನ್ನ ಬಿಟ್ಯಲ್ಲ."

ಮಾರ್ಗಿ ಬಂದ ದಾರಿಯಲ್ಲೇ ಹೊರಟು ಹೋದಳು. ಅವಳಿಗೆಂದು ಎತ್ತಿಟ್ಟ ಪೈಯ ದೊಡ್ಡ ತುಂಡು ತಟ್ಟೆಯಲ್ಲೇ ಉಳಿಯಿತು.

ಮರುದಿನ ಕ್ಯಾಂಟೀನಿನಲ್ಲಿ ಮಾರ್ಗಿ ಅದೇ ಮೇಜಿನಲ್ಲಿ, ಅದೇ ಹುಡುಗಿಯರ ನಡುವೆ ಕೂತಿದ್ದಳು. ವರ್ನೆಲ್ ಮೂಲೆಯ ಕಡೆ ಹೊರಟವಳು ಅರ್ಧದಲ್ಲೇ ನಿಂತಳು. ನಡುವಿನಲ್ಲಿ ಒಂದು ಮೇಜು ಖಾಲಿಯಿತ್ತು. ಅಲ್ಲೇ ಟ್ರೇ ಇಟ್ಟಳು. ಎದುರಿನ ಕುರ್ಚಿಯನ್ನು ಸ್ವಲ್ಪ ಹಿಂದೆ ಎಳೆದಿಟ್ಟಳು, ಯಾರಾದರೂ ಬಂದು ಕೂರುವಷ್ಟು.

ಮಾರ್ಗಿ ತಲೆಯೆತ್ತಿ ನೋಡಿದಳು. ಟ್ರೇ ಎತ್ತಿದಳು. ಮತ್ತೆ ಕೆಳಗಿಟ್ಟಳು.

ಆ ಮೇಜಿನಿಂದ ಈ ಮೇಜಿಗೆ ನಾಲ್ಕು ಹೆಜ್ಜೆ ಇರಬಹುದು. ಇಲ್ಲಿಯವರೆಗೆ ವರ್ನೆಲ್ ಅದನ್ನು ತಾನೇ ನಡೆಯಬೇಕು ಅಂದುಕೊಂಡಿದ್ದಳು.

ಬೀನ್ಸ್ ಇನ್ನೂ ಬಿಸಿಯಾಗಿತ್ತು. ಅವಳಿಗೆ ಚೆನ್ನಾಗಿ ಹಸಿವಾಗಿತ್ತು. ಚಮಚ ಎತ್ತಿಕೊಂಡಳು.

ಇವತ್ತು ತುತ್ತು ಇಳಿಯಿತು.