ಕೊನೆಯಲ್ಲಿ ಬಂದ ಸದ್ದು

"ಯಾಕ್ ಬಂದೆ ಇಲ್ಲಿಗೆ?"

ಕಾಗದನಗರದ ಆ ಕ್ವಾರ್ಟರ್ಸಿನ ಬಾಗಿಲು ಅರ್ಧವೇ ತೆರೆದಿತ್ತು. ಶಿವಕುಮಾರನ ಬೆಳೆದ ಗಡ್ಡ, ಗುಳಿಬಿದ್ದ ಕಣ್ಣು ಕಂಡು ಸಮತಾ ಮೆಟ್ಟಿಲ ಮೇಲೆಯೇ ನಿಂತಳು. ಶಿವಮೊಗ್ಗದ ಸವಳಂಗ ರಸ್ತೆಯ ಮನೆ ತನಕ ನಗಿಸುತ್ತಲೇ ಬೈಕಿನಲ್ಲಿ ಬಿಟ್ಟು ಹೋಗುತ್ತಿದ್ದವನು ಇವನೇನಾ?

"ಸ್ವಲ್ಪ ಮಾತಾಡ್ಬೇಕು ಶಿವು..."

"ನಿನ್ನ ರಿಪೋರ್ಟೇ ಎಲ್ಲಾ ಮಾತಾಡಿದೆಯಲ್ಲ ಮಾರಾಯ್ತಿ! ಇನ್ನೇನು ಬಾಕಿ?"

ಭದ್ರಾವತಿಯ ಒಂದು ಫೌಂಡ್ರಿಯಲ್ಲಿ ಅವನು ಕುಲುಮೆಗೆ ಗಾಳಿ ಊದುವ ಬ್ಲೋವರಿನ ಆಪರೇಟರ್. ಯಂತ್ರಗಳ ಸದ್ದು ಅಳೆದು ಹುಳುಕು ಹುಡುಕುವುದು ಶಿವಮೊಗ್ಗದಿಂದ ಬರುತ್ತಿದ್ದ ಸಮತಾಳ ಕೆಲಸ. ಬೇಸಿಗೆಯಲ್ಲಿ ಬ್ಲೋವರಿನ ರೆಕ್ಕೆ ಮುರಿದು ಹಾರಿ ಗೋವಿಂದಯ್ಯ ತೀರಿಕೊಂಡರು. ಶಿವಕುಮಾರನಿಗೆ ಕೆಲಸ ಕಲಿಸಿದ ಹಿರಿಯರು ಅವರು.

"ಕೆಟ್ಟ ಸದ್ದು ಬಂದಿದ್ದೇ ಕೊನೆಗೆ. ಸ್ವಿಚ್ಚಿಗೆ ಕೈ ಹಾಕೋಷ್ಟರಲ್ಲಿ..." ಎಂದು ಅವನು ಎಲ್ಲರಲ್ಲೂ ಗೋಗರೆದಿದ್ದ. ಆದರೆ ಆ ಪಾಳಿಯ ಸದ್ದಿನ ರೆಕಾರ್ಡಿಂಗಿನಿಂದ ಸಮತಾ ಮಾಡಿಕೊಟ್ಟ ಚಿತ್ರದಲ್ಲಿ ಆ ಸದ್ದು ಎದ್ದು ಕಾಣುತ್ತಿತ್ತು. ಪಾಳಿಯುದ್ದಕ್ಕೂ ಇತ್ತು, ಇವನೇ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಆಡಳಿತದವರು ಅವನನ್ನು ಮನೆಗೆ ಕಳಿಸಿದರು. ಗೋವಿಂದಯ್ಯನವರ ಹೆಂಡತಿ ಈಶ್ವರಮ್ಮ ಅವನ ಮುಖ ನೋಡುವುದನ್ನೇ ಬಿಟ್ಟರು. ಅವನು ಸಮತಾಳ ಫೋನ್ ಎತ್ತುವುದನ್ನು ಬಿಟ್ಟ.

ಪ್ರೀತಿಸಿದವನ ಮಾತಿಗಿಂತ ಒಂದು ಚಿತ್ರ ಹೆಚ್ಚಾಯಿತೇ ನನಗೆ? ಆ ಪ್ರಶ್ನೆ ಅವಳನ್ನು ಹಿಂಡುತ್ತಲೇ ಇತ್ತು.

"ತಪ್ಪು ನಂದು ಶಿವು. ನೋಡೋರಿಗೆ ಸುಲಭ ಆಗ್ಲಿ ಅಂತ ಇಡೀ ಪಾಳಿ ಸದ್ದನ್ನ ಒಟ್ಟಿಗೆ ಸೇರಿಸಿ ಒಂದೇ ಚಿತ್ರ ಮಾಡ್ದೆ. ಸಾರು ರುಚಿ ನೋಡಿದ್ರೆ ಹುಳಿ ಬಿದ್ದಿದೆ ಅಂತ ಗೊತ್ತಾಗುತ್ತೆ. ಯಾವಾಗ ಬಿತ್ತು ಅಂತ ಗೊತ್ತಾಗುತ್ತಾ?"

ಮೆಟ್ಟಿಲ ಮೇಲೆಯೇ ಕೂತು ಲ್ಯಾಪ್‌ಟಾಪ್ ತೆರೆದಳು. ಈ ಸಲ ಸದ್ದನ್ನು ತುಂಡು ತುಂಡು ಮಾಡಿ ಸಾಲಾಗಿ ಜೋಡಿಸಿದ್ದಳು. ತುಂಡು ದೊಡ್ಡದಾದರೆ ಯಾವಾಗ ಎಂಬುದು ಮಸುಕು. ತೀರಾ ಚಿಕ್ಕದಾದರೆ ಯಾವ ಸದ್ದು ಎಂಬುದೇ ಮಸುಕು. ಹದ ಸಿಗುವವರೆಗೂ ಬಿಟ್ಟಿರಲಿಲ್ಲ ಅವಳು. ಪರದೆ ತುಂಬ ಮಾಮೂಲಿ ಸದ್ದಿನ ನೀಲಿ. ಅಪಘಾತದ ಹೊತ್ತು ತೋರುವ ಬಲತುದಿಯಲ್ಲಿ ಮಾತ್ರ ಕೆಟ್ಟ ಸದ್ದಿನ ಒಂದು ಕೆಂಪು ಗೆರೆ.

"ಕೊನೇಲಿ ಮಾತ್ರ ಶಿವು! ನೀನು ಹೇಳಿದ್ದೇ ನಿಜ. ಬೆಳಿಗ್ಗೆ ಆಡಳಿತದವರಿಗೂ ಇದನ್ನ ಕೊಟ್ಟು, ಮೊದಲಿನ ರಿಪೋರ್ಟ್ ನನ್ನ ತಪ್ಪು ಅಂತ ಸೈನ್ ಹಾಕಿ ಬಂದೆ."

ಅವನ ಮುಖದಲ್ಲಿ ಸಂತೋಷ ಕಾಣಲಿಲ್ಲ.

"ಈ ಗೆರೆ ಹೇಳಿದ್ಮೇಲೆ ನಂಬಿದೆ. ನಾನ್ ಹೇಳಿದಾಗ?"

"ನಂಬಿದ್ದಕ್ಕೇ ಕಣೋ ಮತ್ತೆ ನೋಡಿದ್ದು! ವಿಚಾರಣೆ ಎಲ್ಲಾ ಮುಗಿದುಹೋಗಿತ್ತು. ಇನ್ನೊಂದ್ಸಲ ನೋಡು ಅಂತ ನನ್ನ ಯಾರೂ ಕೇಳಿರ್ಲಿಲ್ಲ..."

ಶಿವಕುಮಾರ ಹೊಸ್ತಿಲ ಮೇಲೆ ಕುಸಿದು ಕೂತ.

"ನಾನೇ ನನ್ನ ನಂಬ್ಲಿಲ್ಲ ಸಮತಾ... ಎಲ್ರೂ ಹೇಳಿ ಹೇಳಿ, ಮುಂಚೇನೇ ಕೇಳಿಸಿತ್ತೇನೋ, ನಾನೇ ಸುಮ್ಮನಿದ್ನೇನೋ ಅನ್ನಿಸ್ಬಿಟ್ಟಿತ್ತು."

ಅವನು ಬಿಕ್ಕಿ ಬಿಕ್ಕಿ ಅತ್ತ. ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಯಾವ ಚಿತ್ರ ತಂದರೂ ಗೋವಿಂದಯ್ಯ ಎದ್ದು ಬರುವವರಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಈಶ್ವರಮ್ಮನಿಗೆ ಹೇಳ್ಬೇಕು," ಎಂದ ಕಣ್ಣೊರೆಸಿಕೊಂಡು. "ಒಬ್ಬನೇ ಹೋಗೋಕೆ ಧೈರ್ಯ ಇಲ್ಲ."

"ನಾನೂ ಬರ್ತೀನಿ. ನಾನೇ ಹೇಳ್ಬೇಕಾದ್ದು ಅದು."

"ಬಾಗಿಲು ಹಾಕ್ಕೊಂಡ್ರೆ?"

ಸಮತಾ ಅವನ ಕೈ ಹಿಡಿದು ಎಬ್ಬಿಸಿದಳು.

"ತೆಗೆಯೋ ತನಕ ಹೊರಗೇ ಕೂತಿರೋಣ... ಇಬ್ರೂ."