ಒಂದರಿಂದ ಇಪ್ಪತ್ತೈದರವರೆಗೆ

ಅಪ್ಪನ ಪೆನ್ಸಿಲ್ ಹದಿಮೂರರ ಮೇಲೆ ನಿಂತುಬಿಟ್ಟಿತ್ತು. ಹದಿನಾಲ್ಕು ಅಲ್ಲೇ ಪಕ್ಕದಲ್ಲಿತ್ತು! ಮಗಳು ತಡೆಯಲಾರದೆ ಬೆರಳು ಚಾಚಿದಳು.

"ತೋರಿಸ್ಬೇಡಿ," ಎಂದ ಮೇಜಿನ ಆಚೆ ಕೂತಿದ್ದ ಸಂಶೋಧಕ, ಸ್ಟಾಪ್‌ವಾಚಿನಿಂದ ಕಣ್ಣೆತ್ತದೆ.

ಅವಳಿಗೆ ಮೈಯೆಲ್ಲ ಉರಿಯಿತು. ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದ ಅಪ್ಪ, ಹಾಳೆಯಲ್ಲಿ ಚೆದುರಿದ ಇಪ್ಪತ್ತೈದು ಅಂಕಿಗಳನ್ನು ಗೆರೆ ಎಳೆದು ಜೋಡಿಸಲು ತಿಣುಕಾಡುತ್ತಿದ್ದರೆ, ಈ ಮಹಾಶಯನಿಗೆ ಸೆಕೆಂಡಿನ ಚಿಂತೆ!

ಆದರೂ ಹೊರಡುವಾಗ ಅಪ್ಪನ ಕನ್ನಡಕ ಒರೆಸಿ ಕೊಟ್ಟವನು ಅವನೇ. ಅದನ್ನು ಅವಳು ಗಮನಿಸಿದಳು. ಗಮನಿಸಬಾರದಿತ್ತು...

ಅಪ್ಪನ ಲಿವರ್ ಹದಗೆಟ್ಟು ವರ್ಷಗಳಾಗಿದ್ದವು. ಲಿವರ್ ಸೋತರೆ ಕರುಳಿನ ವಿಷ ಮಿದುಳಿಗೇರಿ ಮಬ್ಬು ಕವಿಯುತ್ತದಂತೆ. ಆ ವಿಷ ಹೊರಹಾಕಲು ಡಾಕ್ಟರು ದಿನಾ ಕುಡಿಸುತ್ತಿದ್ದ ಸಿರಪ್ಪಿನ ಜೊತೆಗೆ ಒಳ್ಳೆಯ ಬ್ಯಾಕ್ಟೀರಿಯಾಗಳಿರುವ ಪುಡಿಯನ್ನೂ ಕೊಟ್ಟರೆ ಆ ಮಬ್ಬು ಸರಿಯುತ್ತದೆಯೇ ಎಂದು ನೋಡಲು ಮೂರು ತಿಂಗಳ ಅಧ್ಯಯನ. ಯಾರಿಗೆ ನಿಜವಾದ ಪುಡಿ, ಯಾರಿಗೆ ಬರೀ ಹಿಟ್ಟು ಎಂಬುದು ಅವನಿಗೂ ತಿಳಿಯದು.

ಅವಳಿಗೆ ಬೇಕಿದ್ದುದು ಒಂದೇ. ಅಪ್ಪ ಮತ್ತೆ ಅಂಗಡಿಯ ತಮ್ಮ ಮೇಜಿನ ಮುಂದೆ ಕೂರಬೇಕು. ಕಳೆದ ಸಲ ಕೂತಾಗ, ಬಿಚ್ಚಿದ ಗಡಿಯಾರ ಜೋಡಿಸಲಾಗದೆ ಅತ್ತುಬಿಟ್ಟಿದ್ದರು.

ಅವನು ವಾರಕ್ಕೊಮ್ಮೆ ಫೋನ್ ಮಾಡಿ ಅಪ್ಪನ ನಿದ್ದೆ, ಹೊಟ್ಟೆ, ಬೆಳಗಿನ ಶೌಚದವರೆಗೆ ಎಲ್ಲವನ್ನೂ ಅವಳಿಂದ ಕೇಳಿ ಬರೆದುಕೊಳ್ಳುತ್ತಿದ್ದ. ಪ್ರೇಮಕ್ಕೆ ಇದಕ್ಕಿಂತ ಕೆಟ್ಟ ಪೀಠಿಕೆ ಇರಲಾರದು! ಆದರೂ ಆ ಫೋನಿಗಾಗಿ ಅವಳು ಕಾಯತೊಡಗಿದಳು.

ಎರಡನೇ ತಿಂಗಳು ಅಪ್ಪ ಮೂವತ್ತೇ ಸೆಕೆಂಡಿನಲ್ಲಿ ಮುಗಿಸಿದರು. ಅವಳ ಎದೆ ಹಿಗ್ಗಿತು. ಅವನದು ಹಿಗ್ಗಲಿಲ್ಲ. ಅಪ್ಪನ ಕೈ ಅಂಕಿಗಳನ್ನು ಹುಡುಕದೆಯೇ ಓಡಿದ್ದನ್ನು ಅವನು ಕಂಡಿದ್ದ. ಸುಮ್ಮನೆ ಬೇರೊಂದು ಹಾಳೆ ಮುಂದಿಟ್ಟ. ಅಪ್ಪ ಒಂಬತ್ತಕ್ಕೇ ನಿಂತರು.

ಅವಳು ತಲೆ ತಗ್ಗಿಸಿದಳು. ಅಪ್ಪನ ಅಂಗಡಿಯಲ್ಲಿ ಸಣ್ಣ ಚಕ್ರ, ತಿರುಪುಗಳ ಜಾಗವನ್ನು ಒಮ್ಮೆ ನೋಡಿ ನೆನಪಿಡುವ ಕಣ್ಣು ಅವಳದು. ಮೊದಲ ಸಲ ಕಂಡ ಹಾಳೆಯನ್ನೇ ಮನೆಯಲ್ಲಿ ಬರೆದು, ದಿನಾ ಬೆಳಿಗ್ಗೆ ಅಪ್ಪನಿಗೆ ಅಭ್ಯಾಸ ಮಾಡಿಸಿದ್ದಳು.

"ಇದನ್ನ ಲೆಕ್ಕಕ್ಕೆ ತಗೊಳ್ಳೋಕಾಗಲ್ಲ," ಎಂದು ಅವನು ಮೊದಲ ಹಾಳೆಗೆ ಅಡ್ಡಗೆರೆ ಎಳೆದ.

ಅಪ್ಪನ ಕಣ್ಣೆದುರೇ! 'ಕಲ್ಲು ಮನಸ್ಸಿನವನು...' ಆಮೇಲೆ ಅವನ ಫೋನನ್ನು ಅವಳು ಎತ್ತಲಿಲ್ಲ. ಕೊನೆಯ ಪರೀಕ್ಷೆಗೆ ಅಪ್ಪನ ಜೊತೆ ಚಿಕ್ಕಪ್ಪನನ್ನು ಕಳಿಸಿದಳು.

ಮರುವಾರ ಅವನೇ ಅಂಗಡಿಯ ಮೆಟ್ಟಿಲೇರಿದ. ಕೈಯಲ್ಲಿ ನಿಂತುಹೋದ ಗಡಿಯಾರ, ಒಂದು ಹಾಳೆ.

"ಆವತ್ತು ನಾನು ಆ ಹಾಳೆ ಒಪ್ಕೊಂಡಿದ್ರೆ ಮಬ್ಬು ಹೋಗಿದೆ ಅಂತ ಡಾಕ್ಟರು ಸಿರಪ್ ಕಮ್ಮಿ ಮಾಡ್ತಿದ್ರು. ಒಂದು ದಿನ ನಿಮ್ಮಪ್ಪ ಎದ್ದೇಳದೇ ಇರಬಹುದಿತ್ತು. ನಂಗೆ ಭಯ ಆಯ್ತು."

ಆವತ್ತೇ ಡಾಕ್ಟರು ಸಿರಪ್ ಹೆಚ್ಚಿಸಿದ್ದು ಯಾರ ಮಾತಿನಿಂದ ಎಂದು ಅವಳಿಗೆ ಈಗ ತಿಳಿಯಿತು.

ಹಾಳೆ ಹೊಸದು, ಅವಳು ಎಂದೂ ಕಾಣದ್ದು. ಕೊನೆಯ ಪರೀಕ್ಷೆಯಲ್ಲಿ ಅಪ್ಪ ಎಳೆದ, ಡೊಂಕಾದರೂ ತುಂಡಾಗದ ಗೆರೆಯೊಂದು ಇಪ್ಪತ್ತೈದನ್ನು ಮುಟ್ಟಿತ್ತು! ಪುಡಿಯಿಂದಲೋ, ಸಿರಪ್ಪಿನಿಂದಲೋ ಹೇಳಲಾಗದು, ಫಲಿತಾಂಶ ಇನ್ನೂ ಬಂದಿಲ್ಲ ಎಂದ.

ಅಷ್ಟರಲ್ಲಿ ಅಪ್ಪ ಅವನ ಕೈಯಿಂದ ಗಡಿಯಾರ ತೆಗೆದುಕೊಂಡು ತಮ್ಮ ಮೇಜಿಗೆ ಹೋಗಿ ಕೂತಿದ್ದರು. ಬಿಚ್ಚಿದರು, ಒರೆಸಿದರು, ಒಂದು ಚಕ್ರ ಹಿಡಿದು ಬಹಳ ಹೊತ್ತು ಯೋಚಿಸಿದರು. ಅವಳ ಬೆರಳು ತಾನಾಗಿಯೇ ಮೇಲೆದ್ದಿತು.

ಅವನು ಆ ಬೆರಳನ್ನು ಮೆಲ್ಲಗೆ ಹಿಡಿದುಕೊಂಡ. "ತೋರಿಸ್ಬೇಡಿ."

ಚಕ್ರ ತನ್ನ ಜಾಗದಲ್ಲಿ ಕೂತಿತು. ಟಿಕ್ ಟಿಕ್... ಅವಳ ಕಣ್ಣು ತುಂಬಿತು. ಅವನು ಬೆರಳು ಬಿಟ್ಟಿರಲಿಲ್ಲ.

"ಪರೀಕ್ಷೆ ನಡೀತಿರೋವಾಗ ಹೇಳಬಾರದಿತ್ತು. ಈಗ ಮುಗೀತು," ಎಂದ ಅವನು. "ನಂಗೆ ನೀವು ಅಂದ್ರೆ ತುಂಬಾ ಇಷ್ಟ."

ಅಪ್ಪ ತಲೆಯೆತ್ತದೆ, ರಿಪೇರಿಯಾದ ಗಡಿಯಾರವನ್ನು ಒಂದು ವಾರ ಅಂಗಡಿಯಲ್ಲೇ ಇಟ್ಟು ನೋಡುವುದು ನಮ್ಮ ಪದ್ಧತಿ ಎಂದರು.

"ಹಾಗಾದ್ರೆ ಮುಂದಿನ ವಾರ ಬರಲಾ?" ಅವನು ಕೇಳಿದ್ದು ಅವಳನ್ನು.

"ಬೇಡ," ಎಂದಳು ಅವಳು, ಕಣ್ಣೊರೆಸಿಕೊಂಡು. "ದಿನಾ ಬಂದು ನೋಡ್ಕೊಂಡು ಹೋಗಿ."